ಕ್ಷಮಿಸಬೇಕೇ, ಕೇಸ್ ಹಾಕಬೇಕೇ?

ಕಾಸರಗೋಡಿನ ನಮ್ಮ ಯುವ ಬಳಗದ ಗೆಳತಿಯೊಬ್ಬಳು ಮಂಗಳೂರಿಗೆ ಹೋಗಿ ರೂಟ್ ಕೆನಾಲ್ ಮಾಡಿಸಿ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡಳು. ಮೂರೇ ತಿಂಗಳಲ್ಲಿ ಕ್ಯಾಪ್ ಕಳಚಿತು, ನೋವು ಮರಳಿತು. ಕ್ಲಿನಿಕ್‌ನವರು ಮತ್ತೆ ಹಣ ಕೇಳಿದರು. ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮಲ್ಲಿ ಅದೇ ಮಾತು. "ಕೇಸ್ ಹಾಕು" ಎಂದರು ಕೆಲವರು. "ಬಿಟ್ಟುಬಿಡು ಮಗಾ, ಕ್ಷಮಿಸು" ಎಂದರು ಹಿರಿಯರು.

ಎರಡೂ ಅವಸರದ ಮಾತೆಂದು ನಮಗನಿಸಿತು. ಚಿಕಿತ್ಸೆ ಫಲಿಸಲಿಲ್ಲ ಎಂದ ಮಾತ್ರಕ್ಕೆ ಅದು ವೈದ್ಯರ ನಿರ್ಲಕ್ಷ್ಯ ಎನ್ನಲಾಗದು. ಮೊದಲು ಬಿಲ್, ಎಕ್ಸ್‌ರೇ, ಚೀಟಿಗಳನ್ನೆಲ್ಲ ಒಟ್ಟುಮಾಡಿ ಇನ್ನೊಬ್ಬ ದಂತವೈದ್ಯರಿಗೆ ತೋರಿಸಬೇಕು. ಅವರಿಗೆ ತಪ್ಪು ಕಂಡರೆ ಬರೆಸಿಕೊಳ್ಳಬೇಕು. ಆಮೇಲೆ ಮೊದಲ ವೈದ್ಯರಿಗೆ ಪತ್ರ ಬರೆದು, ಸರಿಪಡಿಸಿ ಇಲ್ಲವೇ ಹಣ ಮರಳಿಸಿ ಎಂದು ಕೇಳಬೇಕು.

ಅದಕ್ಕೂ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಚಿಕಿತ್ಸೆ ಮಂಗಳೂರಿನಲ್ಲಾದರೂ ದೂರು ಕಾಸರಗೋಡಿನಲ್ಲೇ ಸಾಕು. ಗಡಿ ದಾಟಿ ಅಲೆಯಬೇಕಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಎರಡೂ ಕಡೆಯವರು ಒಪ್ಪಿದರೆ ಮಧ್ಯಸ್ಥಿಕೆಯಲ್ಲೇ ಮುಗಿಸಿಕೊಳ್ಳಬಹುದು.

ಕ್ಷಮೆ ಎಂದರೆ ಬಾಯಿ ಮುಚ್ಚಿಕೊಳ್ಳುವುದಲ್ಲ. ಸಿಟ್ಟು ತೀರಿಸಿಕೊಳ್ಳಲು ಕೇಸ್ ಬೇಡ. ಆದರೆ ನಾಳೆ ಅದೇ ಕುರ್ಚಿಯಲ್ಲಿ ಕೂರುವ ಇನ್ನೊಬ್ಬರಿಗೆ ಹೀಗಾಗಬಾರದು ಎಂದಾದರೆ, ದೂರು ಕೊಡುವುದು ತಪ್ಪೇನಲ್ಲ. ನಮ್ಮ ಗೆಳತಿ ಈ ವಾರ ಎಕ್ಸ್‌ರೇ ಹಿಡಿದು ಇನ್ನೊಬ್ಬ ವೈದ್ಯರ ಬಳಿ ಹೊರಟಿದ್ದಾಳೆ. ಜೊತೆಗೆ ನಾವೂ ಹೋಗುತ್ತೇವೆ.