ಅಧ್ಯಾಯದ ಅಳತೆಗೋಲು ಯಾರ ಕೈಯಲ್ಲಿದೆ?

ಕಾದಂಬರಿ ರಚನೆಯ ಕಮ್ಮಟಗಳಲ್ಲಿ ತಪ್ಪದೆ ಕೇಳಿಬರುವ ಪ್ರಶ್ನೆಯೊಂದಿದೆ: ಒಂದು ಅಧ್ಯಾಯ ಎಷ್ಟು ಪುಟಗಳಷ್ಟಿರಬೇಕು? ಕೇಳುವವರು ಸಂಖ್ಯೆಯನ್ನು ನಿರೀಕ್ಷಿಸುತ್ತಾರೆ. ಹೇಳುವವರೂ ಸಂಖ್ಯೆಯನ್ನೇ ಕೊಡತೊಡಗಿದ್ದಾರೆ. ಓದುಗರಿಗೆ ವ್ಯವಧಾನವಿಲ್ಲ, ಇದು ಮೊಬೈಲ್ ಪರದೆಯ ಕಾಲ, ಆದ್ದರಿಂದ ಐದಾರು ಪುಟ ಮೀರಬೇಡಿ ಎಂಬ ಬುದ್ಧಿವಾದ ಈಗ ಸಾಮಾನ್ಯ. ಪ್ರಶ್ನೆ ನ್ಯಾಯವಾದುದೇ. ಉತ್ತರ ಮಾತ್ರ ಓದುಗನನ್ನೂ ಕಾದಂಬರಿಯನ್ನೂ ಒಟ್ಟಿಗೇ ತಪ್ಪಾಗಿ ತಿಳಿದಿದೆ.

ಅಧ್ಯಾಯ ಚಿಕ್ಕದಾದರೆ ಕಥೆ ಚುರುಕಾಗುತ್ತದೆ ಎಂಬುದು ಈ ಬುದ್ಧಿವಾದದ ಹಿಂದಿರುವ ನಂಬಿಕೆ. ಟಾಲ್‌ಸ್ಟಾಯ್‌ನ ‘ಅನ್ನಾ ಕರೆನಿನಾ’ದಲ್ಲಿ 8 ಭಾಗಗಳು, 239 ಅಧ್ಯಾಯಗಳು, ಬಹಳಷ್ಟು ಕೆಲವೇ ಪುಟಗಳವು. ಹಾಗೆಂದು ಅದನ್ನು ಯಾರೂ ಅವಸರದ ಕೃತಿ ಎನ್ನಲಾರರು. ಮೂರನೆಯ ಭಾಗದಲ್ಲಿ ಲೆವಿನ್ ತನ್ನ ರೈತರೊಡನೆ ಹುಲ್ಲು ಕೊಯ್ಯುವ ಪ್ರಸಂಗವಿದೆ. ಅದು ಒಂದೇ ಅಧ್ಯಾಯದಲ್ಲಿ ಮುಗಿಯುವುದಿಲ್ಲ. ಕೊಯ್ಲಿನವರು ಬೆಳಗಿನ ಊಟಕ್ಕೆ ನಿಂತಲ್ಲಿ ಅಧ್ಯಾಯ ನಿಲ್ಲುತ್ತದೆ, ಅವರು ಮತ್ತೆ ಕುಡುಗೋಲು ಹಿಡಿದಾಗ ಮುಂದಿನದು ತೊಡಗುತ್ತದೆ. ಅಲ್ಲಿ ಅಧ್ಯಾಯವನ್ನು ಕಡಿದದ್ದು ಪುಟದ ಲೆಕ್ಕವಲ್ಲ, ಕೆಲಸಗಾರರ ದಣಿವು.

ಹೊರಗಿನ ಅಳತೆ ಹಿಂದೆ ಇರಲಿಲ್ಲವೆ? ಇತ್ತು, ಕಠಿಣವಾಗಿಯೇ ಇತ್ತು. 1854ರಲ್ಲಿ ‘ಹಾರ್ಡ್ ಟೈಮ್ಸ್’ ಕಾದಂಬರಿಯನ್ನು ವಾರಪತ್ರಿಕೆಗೆ ಬರೆಯುವಾಗ ಡಿಕನ್ಸ್ ಸ್ಥಳದ ಇಕ್ಕಟ್ಟಿನ ಬಗ್ಗೆ ಗೆಳೆಯ ಫಾರ್‌ಸ್ಟರ್‌ನಲ್ಲಿ ಗೋಳು ತೋಡಿಕೊಂಡಿದ್ದ. ಪತ್ರಿಕೆ ಅವನೇ ನಡೆಸುತ್ತಿದ್ದುದು ಎಂಬುದು ಇಲ್ಲಿನ ತಮಾಷೆ. ಆದರೆ 1860-61ರ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕೂಡ ವಾರದ ಧಾರಾವಾಹಿಯೇ. 36 ಕಂತು, 59 ಅಧ್ಯಾಯ. ಈ ಎರಡು ಅಂಕಿಗಳನ್ನು ಜೊತೆಗಿಟ್ಟು ನೋಡಬೇಕು. ಕಂತಿನ ಗಾತ್ರ ಹೆಚ್ಚುಕಡಿಮೆ ನಿಗದಿಯಾಗಿದ್ದರೂ ಅಧ್ಯಾಯದ್ದು ನಿಗದಿಯಾಗಿರಲಿಲ್ಲ. ಪತ್ರಿಕೆ ಕೇಳಿದ್ದನ್ನು ಪತ್ರಿಕೆಗೆ ಕೊಟ್ಟು, ಕಥೆ ಕೇಳಿದ್ದನ್ನು ಕಥೆಗೆ ಉಳಿಸಿಕೊಳ್ಳುವ ಜಾಣತನ ಇದು.

ನಮ್ಮಲ್ಲೂ ‘ಸುಧಾ’, ‘ತರಂಗ’ಗಳ ಧಾರಾವಾಹಿಗಳು ದಶಕಗಳ ಕಾಲ ಇಂಥ ಶಿಸ್ತನ್ನು ಕಲಿಸಿದವು. ವಾರವಿಡೀ ಕಾದವರ ಸಂಖ್ಯೆ ಸಣ್ಣದೇನಲ್ಲ. ಅದರ ದುಷ್ಪರಿಣಾಮವೂ ಉಂಟು: ಕಂತೇ ಅಧ್ಯಾಯವಾಗಿ, ಪ್ರತಿ ಅಧ್ಯಾಯದ ಕೊನೆಗೂ ಬಾಗಿಲು ಬಡಿದ ಸದ್ದೋ ಬಂದ ತಂತಿಯೋ ಅನಿವಾರ್ಯವಾಗಿ, ಪುಸ್ತಕವಾದಾಗ ಅವೆಲ್ಲ ಓದುಗನ ಕಾಲಿಗೆ ತೊಡರುತ್ತಿದ್ದವು.

ಹಳೆಯ ಕನ್ನಡ ಕವಿಗಳು ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮವಾಗಿದ್ದರು. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿರುವುದು 14 ಆಶ್ವಾಸಗಳು. ಆಶ್ವಾಸವೆಂದರೆ ಉಸಿರು ತಿರುಗಿಸಿಕೊಳ್ಳುವುದು, ನೆಮ್ಮದಿ. 1742ರ ‘ಜೋಸೆಫ್ ಆಂಡ್ರ್ಯೂಸ್’ನಲ್ಲಿ ಫೀಲ್ಡಿಂಗ್ ಅಧ್ಯಾಯಗಳ ನಡುವಿನ ತೆರಪನ್ನು ದಾರಿಯ ಛತ್ರಕ್ಕೆ ಹೋಲಿಸಿದ್ದೂ ಇದೇ ಅರ್ಥದಲ್ಲಿ. ಇಬ್ಬರಿಗೂ ಮುಖ್ಯವಾದದ್ದು ನಡೆದ ದೂರವಲ್ಲ, ನಿಲ್ಲುವ ಜಾಗ. ಏರುದಾರಿಯಲ್ಲಿ ಛತ್ರ ಬೇಗ ಬೇಕು; ಬಯಲಿನಲ್ಲಿ ತಡವಾದರೂ ಸಲ್ಲುತ್ತದೆ.

ಹಾಗಾದರೆ ಲೇಖಕ ಮಾಡಬೇಕಾದುದೇನು? ಅಧ್ಯಾಯವನ್ನು ತೊಡಗಿಸಿದ ಪ್ರಶ್ನೆ ಬದಲಾಗುವ ಕ್ಷಣವನ್ನು ಗುರುತಿಸುವುದು. ಮದುವೆಯಾಗುವಳೋ ಇಲ್ಲವೋ ಎಂಬ ಕುತೂಹಲ, ಆಕೆ ಬದುಕುವುದಾದರೂ ಹೇಗೆ ಎಂಬ ಆತಂಕಕ್ಕೆ ಹೊರಳಿದ ಕಡೆ ನಿಲ್ಲಬಹುದು. ಅದು ಮೂರನೆಯ ಪುಟದಲ್ಲಾಗಲಿ, ಮೂವತ್ತನೆಯದರಲ್ಲಾಗಲಿ. ಮೂವತ್ತು ಪುಟಗಳ ಅಖಂಡ ಅಧ್ಯಾಯವೊಂದು ಕೈಗೆ ಬಂದಾಗ ಅದನ್ನು ಆರಾಗಿ ಕತ್ತರಿಸಿ ಹಿಂತಿರುಗಿಸುವ ಸಂಪಾದಕರು, ಕತ್ತರಿಸಿದ ಐದೂ ಕಡೆ ಪಾತ್ರಗಳಿಗೆ ನಿಲ್ಲುವ ಕಾರಣವೇನಿತ್ತು ಎಂಬುದನ್ನೂ ಅಂಚಿನಲ್ಲಿ ಬರೆದು ಕಳಿಸಲಿ. ಫಾಕ್ನರ್‌ನ ‘ಆ್ಯಸ್ ಐ ಲೇ ಡೈಯಿಂಗ್’ನಲ್ಲಿ (1930) ಐದೇ ಪದಗಳ ಅಧ್ಯಾಯವೊಂದಿದೆ. ತಾಯಿಯನ್ನು ಕಳೆದುಕೊಂಡ ಹುಡುಗನ ಮಾತು ಅದು. ಆರನೆಯ ಪದ ಅವನಲ್ಲಿರಲಿಲ್ಲ.