371(ಜೆ) ಹಣದಲ್ಲಿ ಪಟ್ಟಣದ ಕೂಲಿಗೂ ಪಾಲು ಬೇಕು

ಕೂಡ್ಲಿಗಿ ಪಟ್ಟಣದ ಗಡಿಯಾಚೆ ಮನೆಯಿದ್ದರೆ ಜಾಬ್ ಕಾರ್ಡ್ ಉಂಟು, ಗಡಿಯೊಳಗಿದ್ದರೆ ಇಲ್ಲ. ಎರಡೂ ಕಡೆಯ ಹೆಂಗಸರು ಹೋಗುವುದು ಅದೇ ಶೇಂಗಾ ಹೊಲದ ಕಳೆಗೆ, ಹತ್ತುವುದು ಅದೇ ಟಂಟಂ ಗಾಡಿ, ಸಂಜೆ ಎಣಿಸಿಕೊಳ್ಳುವುದು ಅದೇ ಕೂಲಿ. ಮಳೆ ಕೈಕೊಟ್ಟು ಹೊಲದ ಕೆಲಸ ನಿಂತ ದಿನ ಒಬ್ಬಳಿಗೆ ಗ್ರಾಮ ಪಂಚಾಯಿತಿಯ ಬಾಗಿಲಿಗೆ ಹೋಗಿ ಕೆಲಸ ಕೊಡಿ ಎಂದು ಕೇಳುವ ಹಕ್ಕಿದೆ. ಇನ್ನೊಬ್ಬಳಿಗೆ ಹೋಗಿ ನಿಲ್ಲಲು ಬಾಗಿಲೇ ಇಲ್ಲ. 2005ರ ಉದ್ಯೋಗ ಖಾತರಿ ಕಾಯಿದೆ ಹಳ್ಳಿಗಳಿಗೆ ಮಾತ್ರ ಎಂದು ಬರೆದುಕೊಂಡು ಬಂತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಜಾಗಕ್ಕೆ ತಂದ ಹೊಸ ಕಾಯಿದೆ ದಿನಗಳನ್ನು 100ರಿಂದ 125ಕ್ಕೆ ಏರಿಸಿತು, ಗಡಿಯನ್ನು ಮಾತ್ರ ಇದ್ದಲ್ಲೇ ಬಿಟ್ಟಿತು.

ಬೆಂಗಳೂರಿಗೋ ಹುಬ್ಬಳ್ಳಿಗೋ ಈ ಗಡಿಯಿಂದ ಹೆಚ್ಚು ವ್ಯತ್ಯಾಸವಾಗದಿರಬಹುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಅದು ಅನ್ನದ ಪ್ರಶ್ನೆ. ಇವು ಕಚೇರಿಯ ಕಡತದಲ್ಲಿ ಪಟ್ಟಣಗಳು. ಹೊರ ಓಣಿಗಳಿಗೆ ಹೋದರೆ ಕೃಷಿಕೂಲಿಗಳ ಊರುಗಳು. ಸಾವಿರಾರು ಜನರಿಗೆ ತಿಂಗಳ ಸಂಬಳ ಕೊಡುವ ಕಾರ್ಖಾನೆ ಒಂದರಲ್ಲೂ ಇಲ್ಲ. ಇರುವುದು ಎಪಿಎಂಸಿ ಹಮಾಲಿ, ಗಾರೆ ಕೆಲಸ, ತಳ್ಳುಗಾಡಿ, ಶೇಂಗಾ ಆರಿಸುವುದು, ಹೂ ಕಟ್ಟುವುದು. ಉಳಿದ ತಿಂಗಳುಗಳಲ್ಲಿ ಗುಳೆ. ಹರಪನಹಳ್ಳಿ ಸೀಮೆಯ ತಾಂಡಾಗಳಿಂದ ಕಬ್ಬು ಕಡಿಯಲು, ಮಲೆನಾಡಿನ ಕಾಫಿ ತೋಟಕ್ಕೆ. ಕೂಡ್ಲಿಗಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಗುಳೆ ಎಂದರೆ ಹಳ್ಳಿಯ ರೋಗ ಎಂದು ವರದಿಗಳು ಬರೆಯುತ್ತವೆ. ಆದರೆ ಬಸ್ ನಿಲ್ದಾಣದಲ್ಲಿ ಪಾತ್ರೆ ಪಡಗದ ಗಂಟು ಇಟ್ಟುಕೊಂಡು ಕುಳಿತವರಲ್ಲಿ ಪಟ್ಟಣದ ವಾರ್ಡಿನವರೂ ಇರುತ್ತಾರೆ, ಅವರನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ.

ಹಳೆಯ ಬಳ್ಳಾರಿ ಜಿಲ್ಲೆಯ ಈ ಪಶ್ಚಿಮ ತಾಲ್ಲೂಕುಗಳು ಹೋರಾಡದೆ ಕುಳಿತಿದ್ದವು ಎಂದು ಯಾರೂ ಹೇಳಲಾರರು. ಹರಪನಹಳ್ಳಿಯನ್ನು 1997ರಲ್ಲಿ ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಹಾಕಿದರು. 2013ರಲ್ಲಿ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದಾಗ ಬಳ್ಳಾರಿ ಜಿಲ್ಲೆ ಒಳಗಾಯಿತು, ಹರಪನಹಳ್ಳಿ ಹೊರಗುಳಿಯಿತು. ಅಲ್ಲಿನ ಜನ ಬೀದಿಗಿಳಿದರು. ಆಗಿನ ಶಾಸಕ ಎಂ.ಪಿ. ರವೀಂದ್ರ ಅದನ್ನೇ ಹಟ ಹಿಡಿದರು. ತಾಲ್ಲೂಕು ಮರಳಿ ಬಳ್ಳಾರಿಗೆ ಬಂತು, 371(ಜೆ)ಯೂ ಬಂತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಹೊಸಪೇಟೆ–ಕೊಟ್ಟೂರು–ಹರಿಹರ ಹಳಿಯಲ್ಲಿ ಅದಿರಿನ ಗೂಡ್ಸ್ ಓಡುತ್ತಿದ್ದರೂ ಜನರ ರೈಲಿಗಾಗಿ ವರ್ಷಗಟ್ಟಲೆ ಕೂಗಬೇಕಾಯಿತು. ಅದು ಓಡಲು ಶುರುವಾದದ್ದು 2019ರಲ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿತು, ಈ ಐದೂ ತಾಲ್ಲೂಕುಗಳು ಹೊಸಪೇಟೆಯ ಜೊತೆ ಅದರೊಳಗೆ ಸೇರಿದವು. ಜಿಲ್ಲಾ ಕೇಂದ್ರ ಹರಪನಹಳ್ಳಿಯಲ್ಲಿ ಆಗಬೇಕಿತ್ತು ಎಂಬ ವಾದ ಆಗಲೂ ಇತ್ತು, ಈಗಲೂ ಕೇಳಿಬರುತ್ತದೆ.

ಈ ವಾದಗಳನ್ನು ನಾನು ಹಗುರಾಗಿ ಕಾಣುವುದಿಲ್ಲ. ಒಂದು ಸಹಿಗಾಗಿ ಹಡಗಲಿಯಿಂದ ಬಳ್ಳಾರಿಗೆ ಹೋಗಿಬರುವುದರಲ್ಲಿ ಒಂದು ದಿನದ ಕೂಲಿ ಕಳೆದುಕೊಂಡವರಿಗೆ ಜಿಲ್ಲೆ ಹತ್ತಿರ ಬರುವುದರ ಬೆಲೆ ಗೊತ್ತು. ನನ್ನ ತಕರಾರು ಬೇರೆ. ಜಿಲ್ಲೆ, ತಾಲ್ಲೂಕು, ವಿಶೇಷ ಸ್ಥಾನಮಾನ, ಅಭಿವೃದ್ಧಿ ಮಂಡಳಿ, ಎಲ್ಲವೂ ಬಂದ ಮೇಲೆ ದಿನಗೂಲಿಯ ಮನೆಗೆ ಏನು ಬಂತು ಎಂದು ನಮ್ಮ ಶಾಸಕರೂ ಸಂಸದರೂ ಹೋರಾಟದ ಮುಂದಾಳುಗಳೂ ಕೇಳುವುದನ್ನು ಬಿಟ್ಟಿದ್ದಾರೆ.

ಹಣವಿಲ್ಲ ಎಂಬ ಮಾತು ಇಲ್ಲಿ ನಡೆಯದು. 371(ಜೆ) ಅಡಿ ಇರುವ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ ರಾಜ್ಯ ಬಜೆಟ್ 2023–24ರಿಂದ ಸತತ ಮೂರು ವರ್ಷ ತಲಾ 5,000 ಕೋಟಿ ರೂಪಾಯಿ ಘೋಷಿಸಿತು. ಏಳು ಜಿಲ್ಲೆ, 41 ವಿಧಾನಸಭಾ ಕ್ಷೇತ್ರ. ಮಂಡಳಿಯ ಕ್ರಿಯಾಯೋಜನೆ ಎಂದೊಡನೆ ನಮ್ಮ ಊರುಗಳಲ್ಲಿ ಎದ್ದು ನಿಲ್ಲುವುದು ಸಿಸಿ ರಸ್ತೆ, ಚರಂಡಿ, ಹೈಮಾಸ್ಟ್ ದೀಪ, ಸಮುದಾಯ ಭವನ. ರಸ್ತೆ ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಯಂತ್ರ ಬಂದು ಅಗೆದು, ಹೊರಗಿನ ತಂಡ ಬಂದು ಕಾಂಕ್ರೀಟ್ ಸುರಿದು ಹೋದ ರಸ್ತೆಯಿಂದ ಅದೇ ಓಣಿಯ ಕೂಲಿಕಾರನಿಗೆ ಎಷ್ಟು ದಿನದ ಕೆಲಸ ಸಿಕ್ಕಿತು ಎಂಬ ಲೆಕ್ಕವನ್ನು ಯಾವ ಉದ್ಘಾಟನಾ ಫಲಕವೂ ಹೇಳುವುದಿಲ್ಲ. ಪುರಸಭೆ, ಪಟ್ಟಣ ಪಂಚಾಯಿತಿಗಳು ತಮ್ಮ ಹಣದಲ್ಲಿ ಶೇ 24.10ನ್ನು ಪರಿಶಿಷ್ಟ ಜಾತಿ, ಪಂಗಡಗಳಿಗೆ, ಶೇ 7.25ನ್ನು ಇತರ ಬಡವರಿಗೆ ಮೀಸಲಿಡಬೇಕು. ಅದು ಕೂಡ ಕಾಲೊನಿಯ ಚರಂಡಿಯಾಗಿ ಮುಗಿದರೆ ಗುತ್ತಿಗೆದಾರನ ಬಿಲ್ಲು ಬಡವರ ಹೆಸರಿನಲ್ಲಿ ಪಾಸಾದಂತಾಯಿತು, ಅಷ್ಟೇ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಕೂಡ್ಲಿಗಿಯೂ ಹರಪನಹಳ್ಳಿಯೂ ಆ 39ರಲ್ಲಿದ್ದವು. ಸಮಿತಿ ಎಣಿಸಿದ್ದು ತಾಲ್ಲೂಕನ್ನು. ಹಿಂದುಳಿದ ತಾಲ್ಲೂಕಿನ ಕೇಂದ್ರದಲ್ಲಿರುವ ಪಟ್ಟಣದ ಒಳಗೇ ಯಾವ ಓಣಿ ಹಿಂದುಳಿದಿದೆ ಎಂಬುದು ಆ ಅಳತೆಗೆ ಸಿಗುವುದಿಲ್ಲ. ಅನುದಾನ ತಾಲ್ಲೂಕಿಗೆ ಬಂದರೂ ತೇರುಬೀದಿಯಿಂದ ಆಚೆ ಇಳಿಯದಿರಲು ಇದೂ ಒಂದು ಕಾರಣ. 2024ರಲ್ಲಿ ಸರ್ಕಾರ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ಮಾಡಿತು. ಇನ್ನು ಮುಂದಿನ ಅಳತೆ ವಾರ್ಡಿನವರೆಗೂ ಇಳಿಯಬೇಕು.

ಗಣಿಯ ಹಣದ ಕಥೆಯೂ ಇದೇ ಸೀಮೆಯದು. ಅದಿರು ಹೋದದ್ದು ಸಂಡೂರು, ಹೊಸಪೇಟೆಯ ಬೆಟ್ಟಗಳಿಂದ. ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವೂ ಮೊದಲು ಅಲ್ಲಿಗೇ ಹೋಗಬೇಕು, ಅದು ನ್ಯಾಯ. 2024ರ ಪರಿಷ್ಕೃತ ಮಾರ್ಗಸೂಚಿ ಗಣಿಯಿಂದ 15 ಕಿ.ಮೀ. ಒಳಗಿನದನ್ನು ನೇರ ಬಾಧಿತ, 25 ಕಿ.ಮೀ. ಒಳಗಿನದನ್ನು ಪರೋಕ್ಷ ಬಾಧಿತ ಎಂದು ಗೆರೆ ಹಾಕಿದೆ. ಸಂಡೂರಿನಿಂದ ಅಳೆದರೆ ಹಡಗಲಿ, ಹರಪನಹಳ್ಳಿ ಆ ಗೆರೆಯಿಂದ ಬಹುದೂರ. ಹಾಗಾಗಿ ಈ ಊರುಗಳಿಗೆ ಉಳಿಯುವ ದೊಡ್ಡ ಹಣ 371(ಜೆ)ಯದೊಂದೇ, ಅದನ್ನು ಕಾಂಕ್ರೀಟಿಗೆ ಮುಗಿಸಿದರೆ ಮತ್ತೊಂದು ಮೂಲವಿಲ್ಲ.

ಕೆಲಸವಿಲ್ಲದ ಜಾಗವನ್ನು ಸಾಲ ತುಂಬಿದೆ. ಸಂಘದ ಸಾಲ ಎಂದು ಕರೆಯುವ ಮೈಕ್ರೋಫೈನಾನ್ಸ್ ಈ ಪಟ್ಟಣಗಳ ಓಣಿಗಳಲ್ಲಿ ಪಡಿತರ ಅಂಗಡಿಯಷ್ಟೇ ಪರಿಚಿತ. ವಾರದ ಕಂತಿನ ದಿನ ಬಂದರೆ ಒಂದು ಸಾಲಕ್ಕೆ ಇನ್ನೊಂದು ಸಾಲ. ಒಬ್ಬಳು ಕಟ್ಟದಿದ್ದರೆ ಗುಂಪಿನ ಉಳಿದವರೆಲ್ಲ ಅವಳ ಬಾಗಿಲಿಗೆ. 2025ರ ಆರಂಭದಲ್ಲಿ ರಾಜ್ಯದಾದ್ಯಂತ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ಮೇಲಿಂದ ಮೇಲೆ ಬಂದಾಗ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ವಾಪಸು ಕಳಿಸಿ ಫೆಬ್ರುವರಿಯಲ್ಲಿ ಸಹಿ ಹಾಕಿದರು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಆ ಕಾನೂನು ಬೇಕಿತ್ತು, ನಾನು ಅದರ ಪರ. ಆದರೆ ವಸೂಲಿಗಾರನನ್ನು ತಡೆಯುವ ಕಾನೂನು ಸಾಲ ಮಾಡುವ ಅಗತ್ಯವನ್ನು ತಡೆಯುವುದಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಕೈಗೆ ಬಂದ ದಿನವೇ ಕಂತಿಗೆ ಹೋಗುವ ಮನೆಗೆ ಇನ್ನೊಂದು ಸಾಲ ಬೇಡ, ಕೆಲಸ ಬೇಕು.

ನನ್ನ ಒತ್ತಾಯ ಇಷ್ಟು: ಮಂಡಳಿಯ ಹಣದಲ್ಲಿ ಈ ಐದು ಪಟ್ಟಣಗಳಿಂದ ಶುರುಮಾಡಿ ಪಟ್ಟಣ ಉದ್ಯೋಗ ಖಾತರಿ ತನ್ನಿ. ಕೇಳಿದ ಪ್ರತಿ ಕುಟುಂಬಕ್ಕೆ ವರ್ಷಕ್ಕೆ 100 ದಿನ. ಐದೂ ಊರು ಸೇರಿ ಹತ್ತು ಸಾವಿರ ಕುಟುಂಬಗಳು ಕೆಲಸ ಕೇಳಿದವು ಎನ್ನಿ, ದಿನಕ್ಕೆ 400 ರೂಪಾಯಿ ಎನ್ನಿ. ಕೂಲಿ 40 ಕೋಟಿಯಾಗುತ್ತದೆ. ಸಾಮಗ್ರಿ, ಮೇಲ್ವಿಚಾರಣೆ ಎಲ್ಲ ಸೇರಿಸಿ 60 ಕೋಟಿ ಎಂದರೂ 5,000 ಕೋಟಿಯಲ್ಲಿ ಅದು ನೂರಕ್ಕೆ ಒಂದೂ ಕಾಲು ರೂಪಾಯಿ ಆಗುವುದಿಲ್ಲ. ಇದು ಯಾರೂ ಮಾಡಿರದ ಸಾಹಸವಲ್ಲ. ಕೇರಳ ಅಯ್ಯಂಕಾಳಿ ಹೆಸರಿನಲ್ಲಿ 2010ರ ಹೊತ್ತಿಗೇ ಪಟ್ಟಣದ ಬಡವರಿಗೆ 100 ದಿನದ ಯೋಜನೆ ತಂದಿತು. ಒಡಿಶಾ ಕೋವಿಡ್ ಕಾಲದ 2020ರಲ್ಲಿ ಪಟ್ಟಣಗಳಲ್ಲಿ ಕೂಲಿ ಕೆಲಸ ತೆರೆಯಿತು. ರಾಜಸ್ಥಾನ 2022ರಲ್ಲಿ ಉದ್ಯೋಗ ಖಾತರಿಯನ್ನು ತನ್ನ ಪಟ್ಟಣಗಳಿಗೆಲ್ಲ ವಿಸ್ತರಿಸಿತು. ವಿಶೇಷ ಸ್ಥಾನಮಾನವೂ ಅದಕ್ಕೆಂದೇ ಮಂಡಳಿಯೂ ಇರುವ ನಮ್ಮಲ್ಲಿ ಇದು ಏಕಾಗಬಾರದು? ಶಿಕ್ಷಣಕ್ಕೆಂದು 'ಅಕ್ಷರ ಆವಿಷ್ಕಾರ'ದ ಹೆಸರಿನಲ್ಲಿ ಮಂಡಳಿ ಹಣ ಎತ್ತಿಟ್ಟಿತಲ್ಲ, ಅದೇ ರೀತಿ ಕೂಲಿಗೂ ಎತ್ತಿಡಬಹುದು.

ಕೆಲಸ ಎಲ್ಲಿದೆ ಎಂದು ಕೇಳುವವರು ಊರನ್ನು ಒಮ್ಮೆ ಸುತ್ತಿ ಬರಲಿ. ಕೊಟ್ಟೂರು ಕೆರೆಯ ಏರಿ, ಕಾಲುವೆ ನೋಡಲಿ. ಮುಳ್ಳುಜಾಲಿ ನುಂಗಿದ ರಾಜಕಾಲುವೆಗಳು, ಕಸ ಬೇರ್ಪಡಿಸದೆ ಊರಾಚೆ ಸುಡುವ ಗುಂಡಿಗಳು, ನೆರಳೇ ಇಲ್ಲದ ಸಂತೆ ಮೈದಾನಗಳು, ಸರ್ಕಾರಿ ಶಾಲೆಗಳ ಬರಿದಾದ ಅಂಗಳಗಳು ಎಲ್ಲ ಊರಲ್ಲೂ ಇವೆ. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಗೆ ದೊಡ್ಡ ಹಣ ಹೋಗಿದೆ. ತುಂಬಿದ ನೀರು ನಿಲ್ಲಬೇಕಾದರೆ ಹೂಳು, ಒಡ್ಡು, ತೂಬುಗಳ ಮೇಲೆ ವರ್ಷವರ್ಷವೂ ಕೈಯಾಡಬೇಕು. ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಕೆರೆ ಪಕ್ಷಿಗಳಿಂದಾಗಿ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿ ಜಗತ್ತಿನ ಕಣ್ಣಿಗೆ ಬಿತ್ತು. ಅದನ್ನು ಕಾಯುವ, ಬಂದವರನ್ನು ಕರೆದೊಯ್ಯುವ, ಸಸಿ ಬೆಳೆಸುವ ಕೆಲಸಕ್ಕೆ ಸುತ್ತಲಿನ ಯುವಕರೇ ಏಕಾಗಬಾರದು? ನೆಲ, ನೀರು, ನೆರಳನ್ನು ಉಳಿಸುವ ಈ ಕೆಲಸಗಳಿಗೆ ಬೇಕಾದದ್ದು ಹೆಚ್ಚಾಗಿ ಮನುಷ್ಯರ ಕೈಗಳು, ಆ ಕೈಗಳು ಇಲ್ಲಿವೆ.

ಹಡಗಲಿಯನ್ನು ಬೇರೆಯಾಗಿಯೇ ಹೇಳಬೇಕು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಹೂವಿನಹಡಗಲಿ ಎಂಬ ಊರ ಹೆಸರಿನಲ್ಲೇ ಹೂವಿದೆ. ಆದರೆ ಬೇಸಿಗೆಯ ಸುಗ್ಗಿಯಲ್ಲಿ ಹೂವು ರಾಶಿ ಬಿದ್ದ ದಿನ ಬೆಲೆ ಕುಸಿಯುತ್ತದೆ, ಹೂವು ಸಂಜೆಯವರೆಗೆ ಕಾಯುವುದಿಲ್ಲ. ಬೆಳಗಿನ ಜಾವ ಮೊಗ್ಗು ಬಿಡಿಸಿದ ಕೂಲಿಯವಳಿಗೂ ಮಾರಿನ ಲೆಕ್ಕದಲ್ಲಿ ಕಟ್ಟುವವಳಿಗೂ ಆ ದಿನ ಅರ್ಧ ಕೂಲಿ. ಶೀತಲ ಘಟಕ, ಸುಗಂಧ ತೆಗೆಯುವ ಘಟಕ ಎಂಬ ಮಾತು ಚುನಾವಣೆಯಿಂದ ಚುನಾವಣೆಗೆ ಬರುತ್ತಲೇ ಇದೆ. ಒಂದು ಸಮುದಾಯ ಭವನದ ಬದಲಿಗೆ ಅದನ್ನು ಕಟ್ಟಿ, ನಡೆಸುವ ಹೊಣೆಯನ್ನು ಹೂ ಬಿಡಿಸುವ, ಕಟ್ಟುವ ಹೆಂಗಸರ ಸಹಕಾರ ಸಂಘಕ್ಕೆ ಕೊಡಬೇಕು. ವ್ಯಾಪಾರಿಗಳ ಕೈಗೆ ಹೋದರೆ ಲಾಭ ಮತ್ತೆ ಮೇಲೇ ನಿಲ್ಲುತ್ತದೆ. ಕೊಟ್ಟೂರಿನ ಶೇಂಗಾಕ್ಕೂ ಇದೇ ಮಾತು.

ಖಾತರಿ ಕೆಲಸ ಬಂದರೆ ಹೊಲಕ್ಕೆ ಆಳು ಸಿಗುವುದಿಲ್ಲ ಎನ್ನುತ್ತಾರೆ. ಈ ಮಾತು ಹೇಳುವ ಸಣ್ಣ ರೈತನ ಕಷ್ಟ ನಿಜವಾದದ್ದು. ಅದಕ್ಕೆ ದಾರಿಯೂ ಇದೆ: ಬಿತ್ತನೆ, ಕಳೆ, ಸುಗ್ಗಿಯ ವಾರಗಳಲ್ಲಿ ಪಟ್ಟಣದ ಕೆಲಸ ನಿಲ್ಲಿಸಿ, ಹೊಲ ಬರಿದಾದ ಬೇಸಿಗೆಯಲ್ಲಿ ತೆರೆಯಬಹುದು. ಗುಳೆ ಹೋದವನು ಊರಲ್ಲೇ ಉಳಿದರೆ ಸುಗ್ಗಿಗೆ ಆಳು ಹೆಚ್ಚೇ ಸಿಗುತ್ತದೆ. ನಕಲಿ ಹಾಜರಿ, ರಾತ್ರಿ ಜೆಸಿಬಿ ಓಡಿಸಿ ಹಗಲು ಬಿಲ್ಲು ಮಾಡುವ ಆಪಾದನೆ ಹಳ್ಳಿಯ ಯೋಜನೆಯ ಮೇಲೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ವಾರ್ಡ್ ಸಭೆಯಲ್ಲಿ ಹಾಜರಿ ಪಟ್ಟಿ ಗಟ್ಟಿಯಾಗಿ ಓದಿಸಿ, ಸಾಮಾಜಿಕ ಲೆಕ್ಕ ಪರಿಶೋಧನೆ ಕಡ್ಡಾಯ ಮಾಡಿ. ಸಿಸಿ ರಸ್ತೆಯಲ್ಲಿ ಕಳ್ಳತನವಾದಾಗ ಯಾರೂ ರಸ್ತೆಯನ್ನೇ ನಿಲ್ಲಿಸಿ ಎನ್ನಲಿಲ್ಲ. ಕೂಲಿಯ ವಿಷಯ ಬಂದಾಗ ಮಾತ್ರ ಕಳ್ಳತನದ ನೆಪದಲ್ಲಿ ಯೋಜನೆಯನ್ನೇ ಬೇಡ ಎನ್ನುವುದು ಅನ್ಯಾಯ.

ಖಾತರಿಯ ಜೊತೆಗೆ, ಈಗಾಗಲೇ ದುಡಿಯುತ್ತಿರುವವರ ಕೆಲಸವನ್ನು ಕಿತ್ತುಕೊಳ್ಳುವುದನ್ನೂ ನಿಲ್ಲಿಸಬೇಕು. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಸ್ಪಷ್ಟವಾಗಿದೆ: ಪಟ್ಟಣ ವ್ಯಾಪಾರ ಸಮಿತಿ ರಚಿಸಬೇಕು, ಅದರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕು, ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು, 30 ದಿನದ ನೋಟಿಸ್ ಕೊಡದೆ ಯಾರನ್ನೂ ಎಬ್ಬಿಸಬಾರದು. ಬಸ್ ನಿಲ್ದಾಣದ ಮುಂದೆ ಮಿರ್ಚಿ ಮಂಡಕ್ಕಿ ಮಾರುವವಳಿಗೆ ಈ ಕಾಯಿದೆ ಗೊತ್ತಿರಬೇಕೆಂದೇನಿಲ್ಲ. ಅವಳ ಗಾಡಿಯನ್ನು ಎತ್ತಿಸುವ ಮುಖ್ಯಾಧಿಕಾರಿಗೆ ಗೊತ್ತಿರಲೇಬೇಕು. ಕೊಟ್ಟೂರೇಶ್ವರನ ತೇರಿಗೆ, ಮೈಲಾರದ ಕಾರ್ಣಿಕಕ್ಕೆ ಲಕ್ಷಾಂತರ ಜನ ಬರುತ್ತಾರೆ. ಆ ವಾರದ ವ್ಯಾಪಾರದಲ್ಲಿ ಊರಿನ ಬಡವರಿಗೆ ಮೊದಲ ಜಾಗ ಎಂದು ಗುರುತು ಹಾಕಿಕೊಡಲು ಒಂದು ಕೋಟಿಯೂ ಬೇಕಿಲ್ಲ.

ಈ ತಾಲ್ಲೂಕುಗಳಲ್ಲಿ ದೇವದಾಸಿ ಪದ್ಧತಿಗೆ ಸಿಕ್ಕು ಬದುಕಿದ ತಾಯಂದಿರಿದ್ದಾರೆ. 1982ರ ಕಾಯಿದೆ ಪದ್ಧತಿಯನ್ನು ನಿಷೇಧಿಸಿತು. 2007–08ರ ಸಮೀಕ್ಷೆ ರಾಜ್ಯದಲ್ಲಿ 46,660 ಮಾಜಿ ದೇವದಾಸಿಯರನ್ನು ಗುರುತಿಸಿತು. ಪಟ್ಟಿಗೆ ಸೇರದವರು ಮಾಸಾಶನವಿಲ್ಲದೆ ಉಳಿದರು. 2025ರಲ್ಲಿ ವಿಧಾನಮಂಡಲ ಪುನರ್ವಸತಿಯನ್ನೂ ಒಳಗೊಂಡ ಹೊಸ ಕಾಯಿದೆಗೆ ಒಪ್ಪಿಗೆ ಕೊಟ್ಟಿತು. ಈ ತಾಯಂದಿರಲ್ಲಿ ಅನೇಕರ ಮಕ್ಕಳು ಇಂದು ಈ ಪಟ್ಟಣಗಳ ಅಡ್ಡೆಯಲ್ಲಿ ನಿಂತು ಕೂಲಿಗೆ ಕಾಯುವವರು. ಇವರ ಪರ ನಿಲ್ಲಬೇಕಾದವರು ಶಾಸಕರು. ಐದು ಪಟ್ಟಣ ಹಂಚಿಕೊಂಡಿರುವ ನಾಲ್ಕು ವಿಧಾನಸಭಾ ಕ್ಷೇತ್ರಗಳಲ್ಲಿ ಮೂರು ಮೀಸಲು: ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ, ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ಪರಿಶಿಷ್ಟ ಜಾತಿಗೆ. ಮೀಸಲು ಕ್ಷೇತ್ರದಿಂದ ಗೆದ್ದ ಶಾಸಕರು, ಹರಪನಹಳ್ಳಿಯ ಶಾಸಕಿ ಎಂ.ಪಿ. ಲತಾ ಅವರೊಂದಿಗೆ, ಮಂಡಳಿಯ ಮುಂದಿನ ಕ್ರಿಯಾಯೋಜನೆಗೆ ಕಾಮಗಾರಿ ಪಟ್ಟಿ ಕಳಿಸುವ ಮುನ್ನ ತಮ್ಮ ಪಟ್ಟಣದ ಒಂದೊಂದು ವಾರ್ಡಿನಲ್ಲಿ ಕುಳಿತು ಕೇಳಲಿ: ನಿಮಗೆ ಮೊದಲು ಬೇಕಾದದ್ದು ಹೈಮಾಸ್ಟ್ ದೀಪವೋ, ನೂರು ದಿನದ ಕೆಲಸವೋ? ಬಂದ ಉತ್ತರವನ್ನು ಬರೆದುಕೊಂಡು, ಪಟ್ಟಿಯ ಮೊದಲ ಸಾಲಿನಲ್ಲಿ ಅದನ್ನೇ ಹಾಕಿ ಕಲಬುರಗಿಯ ಮಂಡಳಿ ಕಚೇರಿಗೆ ಕಳಿಸಲಿ.