ತರಬೇತಿಯ ಮೂರು ತಿಂಗಳು ಒಲೆ ಉರಿಯುವುದು ಹೇಗೆ?

ಪಾವಗಡದ ಕೂಲಿಯವರನ್ನು ‘ಕೌಶಲ್ಯವಿಲ್ಲದವರು’ ಎಂದು ಕರೆಯುವುದನ್ನು ನಾವು ಮೊದಲು ನಿಲ್ಲಿಸಬೇಕು. ಮೋಡ ನೋಡಿ ಕಡಲೆಕಾಯಿ ಬಿತ್ತನೆಯ ಹದ ಹೇಳುವವರು, ನೆಲ ಬಿಗಿಯುವ ಮುನ್ನ ಗಿಡ ಕಿತ್ತು ಕಾಯಿ ಉಳಿಸುವವರು ಏನೂ ಕಲಿಯದವರೆ? ಅವರ ಕೆಲಸ ಹೋದದ್ದು ಬುದ್ಧಿ ಇಲ್ಲದೆ ಅಲ್ಲ, ಕೆಲಸದ ನೆಲವೇ ಇಲ್ಲವಾಗಿ.

ತಿರುಮಣಿ, ವಳ್ಳೂರು, ರಾಯಚೆರ್ಲು ಸೇರಿದಂತೆ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಈಗ ಸೌರ ಫಲಕಗಳು ನಿಂತಿವೆ. 2018ರಲ್ಲಿ ಮೊದಲ ಹಂತದ ಉದ್ಘಾಟನೆಯಾಯಿತು. 2019ರ ಕೊನೆಗೆ ಸಾಮರ್ಥ್ಯ 2,050 ಮೆಗಾವ್ಯಾಟ್ ಮುಟ್ಟಿತು. ಜಮೀನನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಇದನ್ನು ಮೆಚ್ಚಲೇಬೇಕು, ಬರದ ವರ್ಷಗಳಲ್ಲಿ ಆ ಹೊಲಗಳು ಹಾಕಿದ ಬೀಜವನ್ನೂ ವಾಪಸು ಕೊಟ್ಟದ್ದಿಲ್ಲ. ಆದರೆ ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ತೆಗೆಯುತ್ತಿದ್ದವಳಿಗೆ, ಕುರಿ ಮೇಯಿಸುತ್ತಿದ್ದವನಿಗೆ ಸಿಕ್ಕಿದ್ದು ತಂತಿಬೇಲಿ. ಫಲಕ ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು ಕಾಯುವುದು, ಇಂಥ ಕೆಲಸ ಕೆಲವರಿಗೆ ದೊರೆಯಿತು. ಉಳಿದವರು ಬೆಂಗಳೂರಿನ ಬಸ್ಸು ಹತ್ತಿದರು.

‘ತರಬೇತಿ ಇದೆಯಲ್ಲ’ ಎನ್ನುವವರಿದ್ದಾರೆ. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸೂರ್ಯಮಿತ್ರ’ 600 ಗಂಟೆಗಳ ಉಚಿತ ವಸತಿ ತರಬೇತಿ. ಆದರೆ ಬಾಗಿಲಲ್ಲೇ ಹತ್ತನೇ ತರಗತಿ ಪಾಸಾಗಿರಬೇಕು, ಜೊತೆಗೆ ಐಟಿಐ ಇರಬೇಕು ಎಂದರು. ಐಟಿಐ ಮುಗಿಸಿದ ಹುಡುಗನಿಗೆ ಸೂರ್ಯ ಮಿತ್ರನಾದ; ಕೂಲಿ ಕಳೆದುಕೊಂಡ ನಲವತ್ತರ ಹೆಂಗಸಿಗೆ ಅವನು ಬರೀ ಬಿಸಿಲು.

ಓದಿದವರಿಗೂ ದಾರಿ ಸಲೀಸಲ್ಲ. ‘ವಸತಿ, ಊಟ ಉಚಿತ’ ಎಂದು ದೊಡ್ಡದಾಗಿ ಬರೆಯುತ್ತಾರೆ. ಹಾಸ್ಟೆಲಿನ ಊಟ ಕಲಿಯುವವನ ಹೊಟ್ಟೆಗೆ. ಮನೆಯಲ್ಲಿರುವ ಮಕ್ಕಳು, ಮುದುಕರು ಮೂರು ತಿಂಗಳು ಏನು ತಿನ್ನಬೇಕು? ವರ್ಷಗಟ್ಟಲೆ ಕೆಲಸವಿಲ್ಲದವನ ಮನೆಯಲ್ಲಿ ಕೂಡಿಟ್ಟದ್ದು ಇರುವುದಿಲ್ಲ, ಅಂಗಡಿಯ ಸಾಲ ಇರುತ್ತದೆ. ಆತ ತರಬೇತಿಯನ್ನು ಅರ್ಧಕ್ಕೆ ಬಿಟ್ಟು ಗಾರೆ ಕೆಲಸಕ್ಕೆ ಹೋದರೆ ‘ಇವರಿಗೆ ಆಸಕ್ತಿ ಇಲ್ಲ’ ಎನ್ನುತ್ತೇವೆ. ಸಂಬಳ ತಪ್ಪದ ನಮ್ಮಂಥವರು ಸುಲಭವಾಗಿ ಆಡುವ ಮಾತು ಅದು. 2024ರ ಜನವರಿಯಲ್ಲಿ ಶುರುವಾದ ರಾಜ್ಯದ ಯುವನಿಧಿಯೂ 2022-23 ಹಾಗೂ ನಂತರ ತೇರ್ಗಡೆಯಾದ ಪದವೀಧರರಿಗೆ, ಡಿಪ್ಲೊಮಾದವರಿಗೆ. ನಲವತ್ತು ದಾಟಿದ ನಿರುದ್ಯೋಗಿ ಆ ಲೆಕ್ಕದಲ್ಲಿ ಇಲ್ಲ.

ಶಿರಾ, ಮಧುಗಿರಿ, ಕೊರಟಗೆರೆಯ ಕಡೆ ನೋಡಿ. ಗ್ಯಾರೇಜಿನಲ್ಲಿ ಉಸ್ತಾದನ ಕೈಕೆಳಗೆ ಸ್ಪ್ಯಾನರ್ ಎತ್ತಿಕೊಡುತ್ತಾ ಬೆಳೆದವರು ಕಾರ್ಬೊರೇಟರ್ ಶಬ್ದ ಕೇಳಿಯೇ ರೋಗ ಹೇಳಬಲ್ಲರು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳ ರೋಗ ತಿಳಿಯಲು ಸ್ಕ್ಯಾನರ್ ಬೇಕು. ಕೈಕಸುಬನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಏರ್ಪಾಟು ಕೇಂದ್ರದ ಕೌಶಲ್ಯ ಯೋಜನೆಯಲ್ಲಿದೆ, ನಿಜ. ಗೊತ್ತಿದ್ದ ವಿದ್ಯೆಗೆ ಅದು ಮುದ್ರೆ ಒತ್ತುತ್ತದೆ. ಗೊತ್ತಿಲ್ಲದ ಸ್ಕ್ಯಾನರನ್ನು ಯಾರು ಕೈಗೆ ಕೊಡುತ್ತಾರೆ?

ನಾವು ಕೇಳುವುದು ಹೊಸ ಕಟ್ಟಡವನ್ನಲ್ಲ. ತಾಲ್ಲೂಕಿನಲ್ಲೇ, ಸಂಜೆ ಹೊತ್ತು, ವಯಸ್ಸು ಮತ್ತು ಅಂಕಪಟ್ಟಿ ಕೇಳದ ತರಗತಿ. ಹೆಂಗಸರು ಕತ್ತಲಾಗುವ ಮುನ್ನ ಮನೆ ಸೇರುವಂಥ ಇನ್ನೊಂದು. ಹಗಲು ಕಲಿಯುವವರಿಗೆ ಕಲಿತ ಪ್ರತಿ ದಿನಕ್ಕೆ ಕನಿಷ್ಠ ಕೂಲಿ, ವಾರಕ್ಕೊಮ್ಮೆ. ದೊಡ್ಡ ಕಂಪನಿಗಳು ಲಾಭದ ಶೇಕಡ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಬಸ್ ನಿಲ್ದಾಣಕ್ಕೆ ಬಣ್ಣ ಬಳಿದು ಹೆಸರು ಬರೆಸುವ ಮೊದಲು ಆ ದುಡ್ಡು ಈ ಕೂಲಿಗೆ ಬರಲಿ.